ಒಂದು ನಕ್ಷೆ ‘ನೆರೆ ಜಾಗ’ ಅನ್ನುತ್ತದೆ, ಇನ್ನೊಂದು ‘ಮನೆ ಕಟ್ಟಬಹುದು’ ಅನ್ನುತ್ತದೆ: ಊರಿನವರು ಯಾವುದನ್ನು ನಂಬುತ್ತಾರೆ?

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ ಕಡಲಬದಿಯಲ್ಲಿ ಅಜ್ಜನ ಕಾಲದ ಜಾಗ ಇದೆ, ಎರಡು ನಕ್ಷೆ ಎರಡು ಮಾತು ಹೇಳುತ್ತಿವೆ, ಅಲ್ಲಿನವರು ಏನು ಮಾಡುತ್ತಾರೆ ಅಂತ ಕೇಳಿದ್ದೀರಿ. ನಾನು ಶಿರಿಯಾ ಹೊಳೆಯ ಆಚೆ ಮಂಗಲ್ಪಾಡಿ ಕಡೆಯವನು. ಇದ್ದದ್ದನ್ನು ಹೇಳುತ್ತೇನೆ: ಪರ್ಮಿಟ್ ಸಿಗುತ್ತದೋ ಇಲ್ಲವೋ ಎಂದು ಹೇಳುವ ನಕ್ಷೆಯನ್ನೇ ಇಲ್ಲಿ ಎಲ್ಲರೂ ನೋಡುವುದು. ನೀರು ಎಲ್ಲಿಗೆ ಬರುತ್ತದೆ ಎಂದು ಹೇಳುವ ನಕ್ಷೆ ಇದೆ ಅನ್ನುವುದೇ ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಪರ್ಮಿಟ್ಟಿನ ನಕ್ಷೆ ಅಂದರೆ ಕರಾವಳಿ ನಿಯಂತ್ರಣ ವಲಯದ ನಕ್ಷೆ, ಕಡಲಬದಿಯಲ್ಲಿ ಎಲ್ಲಿ ಕಟ್ಟಬಹುದು ಅಂತ ಹೇಳುವ ಸಿಆರ್‌ಝಡ್. 2011ರ ನಿಯಮದಲ್ಲಿ ಪಂಚಾಯತು ಪ್ರದೇಶಗಳಲ್ಲಿ ಸಾಮಾನ್ಯವಾಗಿ ಉಬ್ಬರದ ಗೆರೆಯಿಂದ (ದೊಡ್ಡ ಉಬ್ಬರದಲ್ಲಿ ನೀರು ಮುಟ್ಟುವ ಗಡಿ) 200 ಮೀಟರ್ ಒಳಗೆ ಹೊಸ ಮನೆ ಕಟ್ಟುವುದು ಕಷ್ಟವಿತ್ತು. 2019ರ ಜನವರಿಯಲ್ಲಿ ಹೊಸ ನಿಯಮ ಬಂತು. 2011ರ ಜನಗಣತಿಯಲ್ಲಿ ಒಂದು ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇರುವ ಕಡೆ ಆ 200 ಮೀಟರ್ 50ಕ್ಕೆ ಇಳಿಯಿತು. ಉಳಿದ ಕಡೆ ಮೊದಲಿನಂತೆ 200. ಈ ಲೆಕ್ಕದ ಕೇರಳದ ನಕ್ಷೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ. ಗಲ್ಫಿನಲ್ಲಿ ದುಡಿದು ಜಾಗ ಮಾಡಿ, ಪರ್ಮಿಟ್ ಇಲ್ಲದೆ ವರ್ಷಗಟ್ಟಲೆ ಕಾದವರಿಗೆ ಇದು ಹಬ್ಬ. ಅವರ ಖುಷಿಯನ್ನು ತಪ್ಪು ಅನ್ನಲಾರೆ.

ಆದರೆ ಗಮನಿಸಿ, ಆ ಗೆರೆ ಸರಿದದ್ದು ಜನರ ತಲೆ ಎಣಿಸಿ. ಕಡಲನ್ನು ನೋಡಿ ಅಲ್ಲ. ದಂಡೆ ಸವೆಯುವುದು, ಕಡಲಮಟ್ಟ ಏರುವುದು ಇದನ್ನೆಲ್ಲ ಲೆಕ್ಕ ಹಾಕಿ ಸರ್ವೆ ಆಫ್ ಇಂಡಿಯಾದವರು ಅಪಾಯದ ಗೆರೆ ಅಂತ ಬೇರೆಯೇ ಎಳೆದಿದ್ದಾರೆ. 2019ರ ನಿಯಮದ ಪ್ರಕಾರ ಅದು ವಿಪತ್ತು ನಿರ್ವಹಣೆಯ ತಯಾರಿಗೆ ಮಾತ್ರ. ಆ ಗೆರೆಯ ಒಳಗಿದ್ದೀರಿ ಅನ್ನುವ ಒಂದೇ ಕಾರಣಕ್ಕೆ ಪರ್ಮಿಟ್ ನಿಲ್ಲುವುದಿಲ್ಲ.

ಹೊಳೆಬದಿಯ ಕತೆ ಇನ್ನೂ ವಿಚಿತ್ರ. ಹೊಳೆಬದಿಯಲ್ಲಿ ಈ ನಿಯಮ ಲಾಗುವಾಗುತ್ತಿದ್ದದ್ದು ಮೊದಲು 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ದೂರಕ್ಕೆ. ಈಗ 100ರ ಬದಲು 50. ಹೊಳೆಯಲ್ಲಿ ಎಷ್ಟು ಮೇಲಿನ ತನಕ ಈ ನಿಯಮ ಹೋಗುತ್ತದೆ ಎನ್ನುವುದನ್ನು ಉಪ್ಪಿನಿಂದ ಅಳೆಯುತ್ತಾರೆ. ಕಡು ಬೇಸಗೆಯಲ್ಲಿ ಸಾವಿರ ಪಾಲು ನೀರಿಗೆ 5 ಪಾಲು ಉಪ್ಪು ಎಲ್ಲಿಯವರೆಗೆ ಸಿಗುತ್ತದೋ ಅಲ್ಲಿಯವರೆಗೆ. ನೆರೆ ಬರುವುದು ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು), ಅಳೆಯುವುದು ಬೇಸಗೆಯಲ್ಲಿ! ಹಾಗಾಗಿ ಈ ನಕ್ಷೆಯಲ್ಲಿ ನಿಮ್ಮ ಜಾಗಕ್ಕೆ ಬಣ್ಣ ಬಿದ್ದಿಲ್ಲ ಅಂದ ಮಾತ್ರಕ್ಕೆ ನೆರೆ ಬರುವುದಿಲ್ಲ ಅಂತಲ್ಲ.

ಮೀನುಗಾರರ ಪಾಡು ಬೇರೆ. ಉಬ್ಬರದ ಗೆರೆಯಿಂದ 50 ಮೀಟರ್ ಒಳಗಿರುವ ಮೀನುಗಾರ ಕುಟುಂಬಗಳಿಗೆ ಕೇರಳ ಸರ್ಕಾರದ ಪುನರ್ಗೇಹಂ ಯೋಜನೆ ಇದೆ. ಜಾಗ, ಮನೆ ಎರಡೂ ಸೇರಿ 10 ಲಕ್ಷ, ಅದರಲ್ಲಿ ಜಾಗಕ್ಕೆ 6 ಲಕ್ಷದವರೆಗೆ. ಕಡಲಬದಿಯ ಮನೆ ಬಿಟ್ಟು ಬರಬೇಕು. ಹೆದ್ದಾರಿ ಹತ್ತಿರ ಆ ದುಡ್ಡಿಗೆ ಎಷ್ಟು ಸೆಂಟ್ಸ್ ಸಿಗುತ್ತದೆ ಅಂತ ಯಾವ ಬ್ರೋಕರನ್ನು ಬೇಕಾದರೂ ಕೇಳಿ. ಕಡಲು ಬಿಟ್ಟು ದೂರ ಹೋದರೆ ದೋಣಿ, ಬಲೆ ನೋಡಿಕೊಳ್ಳುವವರು ಯಾರು? ಅದಕ್ಕೇ ಕೆಲವರು ಹೋಗುತ್ತಾರೆ, ಕೆಲವರು ಎಷ್ಟು ಹೇಳಿದರೂ ಹೋಗುವುದಿಲ್ಲ. ಹೋಗದವರು ಕೇಳುವುದು ಒಂದೇ, ಕಲ್ಲಿನ ತಡೆಗೋಡೆ. ಎರ್ನಾಕುಳದ ಚೆಲ್ಲಾನಂನಲ್ಲಿ ಟೆಟ್ರಾಪಾಡ್ (ಅಲೆ ತಡೆಯುವ ನಾಲ್ಕು ಕಾಲಿನ ಕಾಂಕ್ರೀಟ್ ಗುಂಡು) ಹಾಕಿದ ಮೇಲೆ ನಮಗೂ ಅದೇ ಬೇಕು ಅನ್ನುವ ಕೂಗು ಜೋರಾಗಿದೆ. ಗೋಡೆ ಇರುವಷ್ಟು ಉದ್ದಕ್ಕೆ ಮನೆ ಉಳಿಯಬಹುದು. ಅದು ಮುಗಿಯುವ ಕಡೆ ಕೊರೆತ ಜಾಸ್ತಿ, ಆಮೇಲೆ ಆ ಪಕ್ಕದವರೂ ಗೋಡೆ ಕೇಳುತ್ತಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಉಪ್ಪಳದ ಮುಸೋಡಿಯಲ್ಲಿ ಮನೆ ಕುಸಿದ ವಿಡಿಯೋ ನೀವೂ ನೋಡಿರಬಹುದು.

ಕರಡು ನಕ್ಷೆಗೆ ಆಕ್ಷೇಪ ಹೇಳುವ ಅವಕಾಶವೂ ಇತ್ತು, ಸಾರ್ವಜನಿಕ ವಿಚಾರಣೆಯಲ್ಲಿ. ಆದರೆ ನಕ್ಷೆ ಇಂಗ್ಲಿಷಿನಲ್ಲಿ, ಮಾತುಕತೆ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹಿರಿಯರು ಅದನ್ನು ಮೊಮ್ಮಕ್ಕಳ ಕೈಲಿ ಓದಿಸಿ ಅರ್ಥ ಮಾಡಿಕೊಳ್ಳುವ ಹೊತ್ತಿಗೆ ತಾರೀಕು ಮುಗಿದಿರುತ್ತದೆ.

ನೀವು ಮೊದಲು ಸರ್ವೆ ನಂಬರ್ ಹಿಡಿದುಕೊಂಡು ಪಂಚಾಯತಿಗೆ ಹೋಗಿ, ಹೊಸ ನಕ್ಷೆಯಲ್ಲಿ ಜಾಗ ಯಾವ ವಲಯದಲ್ಲಿದೆ ಅಂತ ಕೇಳಿ. ಅದು ಪರ್ಮಿಟ್ಟಿಗಾಯಿತು. ಆಮೇಲೆ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಜಿಲ್ಲಾ ನೆರೆ ನಕ್ಷೆ ನೋಡಿ. ಅದನ್ನೂ ಪೂರ್ತಿ ನಂಬಬೇಡಿ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಲೇನ್ ಆಗಿ ಎತ್ತರವಾದ ಮೇಲೆ ಮೂಡುದಿಕ್ಕಿನ ಮಳೆನೀರು ಕಡಲಿಗೆ ಹೋಗುವ ದಾರಿ ಕೆಲವು ಕಡೆ ಬದಲಾಗಿದೆ. ಹಳೆಯ ನಕ್ಷೆಗೆ ಅದು ಹೇಗೆ ಗೊತ್ತಿರಬೇಕು?

ಜಾಗವನ್ನು ಡಿಸೆಂಬರಿನಲ್ಲಿ ರಜೆ ಹಾಕಿ ಬಂದು ನೋಡಬೇಡಿ. ಆಗ ಎಲ್ಲವೂ ಚಂದ ಕಾಣುತ್ತದೆ. ಆಟಿಯ ಅಮಾವಾಸ್ಯೆಗೋ ಹುಣ್ಣಿಮೆಗೋ, ದೊಡ್ಡ ಉಬ್ಬರ ಇರುವಾಗ ಬನ್ನಿ. ಪಕ್ಕದ ಮನೆಯವರ ಹತ್ತಿರ ಎರಡೇ ವಿಷಯ ಕೇಳಿ: ಬಾವಿ ನೀರು ಯಾವ ತಿಂಗಳಿನಿಂದ ಉಪ್ಪಾಗುತ್ತದೆ, ಮಳೆಗಾಲದಲ್ಲಿ ಪಂಪನ್ನು ಎಷ್ಟು ಎತ್ತರಕ್ಕೆ ಎತ್ತಿಡುತ್ತೀರಿ. ಜಾಗ ಮಾರುವ ಉದ್ದೇಶ ಅವರಿಗಿಲ್ಲದಿದ್ದರೆ ಸರಿಯಾದ ಉತ್ತರವೇ ಸಿಗುತ್ತದೆ.