ಸಂಪಾದಕರ ಉತ್ತರ: ಐವತ್ತನೇ ಸರದಿಯ ಹುಡುಗ

ಕಳೆದ ಸಂಚಿಕೆಯಲ್ಲಿ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಬರೆಯುವಾಗ ನಾನು ಒಂದು ಸಾಲು ಸೇರಿಸಿದ್ದೆ. 2022ರಲ್ಲಿ, ಕಾಲೇಜಿನ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಟೈಕ್ವಾನ್ ಥಾರ್ನ್‌ಟನ್ ಎಂಬ, ಎಸೆದ ಚೆಂಡನ್ನು ಓಡಿ ಹಿಡಿಯುವ ರಿಸೀವರ್‌ನನ್ನು ತೀರಾ ಬೇಗ ಆರಿಸಿಕೊಂಡು ಕೈ ಸುಟ್ಟುಕೊಂಡಿತು ಅಂತ. ಬೋಸ್ಟನ್ ಹತ್ತಿರ ಇರುವ ಓದುಗರೊಬ್ಬರಿಗೆ ಅದು ಹಿಡಿಸಲಿಲ್ಲ. ‘ಬೇಗ, ತಡ ಅನ್ನೋದೆಲ್ಲ ಟಿವಿಯವರು ಹುಟ್ಟುಹಾಕಿದ ಮಾತು. ಬೇಕಾದವನು ಕಣ್ಣೆದುರು ಇದ್ದರೆ ತಗೋಬೇಕು, ಅಷ್ಟೇ. ಹುಡುಗನಿಗೆ ಗಾಯ ಆಗದಿದ್ದರೆ ನೀವೇ ಹೊಗಳಿ ಬರೀತಿದ್ರಿ. ಶಾನ್ ಮೆಕ್‌ವೇ ನಕ್ಕ ಅಂತ ನೀವೂ ನಗಬೇಕಾ?’ ಎಂದು ಕೇಳಿದ್ದಾರೆ.

ನಮಸ್ಕಾರ. ಮೊದಲು ಆ ನಗುವಿನ ವಿಷಯ ಮುಗಿಸಿಬಿಡೋಣ. ಲಾಸ್ ಏಂಜಲೀಸ್ ರ‍್ಯಾಮ್ಸ್ ಕೋಚ್ ಮೆಕ್‌ವೇ ನಕ್ಕಿದ್ದು ನಿಜ, ಆದರೆ ಥಾರ್ನ್‌ಟನ್ ಹೆಸರು ಕೇಳಿ ಅಲ್ಲ. ಅದು ಹಿಂದಿನ ದಿನದ ಮಾತು. ಪೇಟ್ರಿಯಟ್ಸ್ 29ನೇ ಸರದಿಯಲ್ಲಿ ಕೋಲ್ ಸ್ಟ್ರೇಂಜ್ ಎಂಬ, ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಲೈನ್‌ಮನ್‌ನನ್ನು ಕರೆದಿತ್ತು. ಆತ 104ನೇ ಸರದಿಯವರೆಗೆ ಉಳಿಯಬಹುದು ಅಂದುಕೊಂಡು ನಾವು ಸುಮ್ನೆ ವಿಡಿಯೊ ನೋಡಿ ಸಮಯ ಹಾಳು ಮಾಡಿಕೊಂಡೆವು ಎಂಬರ್ಥದಲ್ಲಿ ಮೆಕ್‌ವೇ ನಕ್ಕಿದ್ದರು. ಒಂದೇ ವರ್ಷ ಎರಡು ಸಲ ಹುಬ್ಬೇರಿಸಿದ ತಂಡವಾದ್ದರಿಂದ ಎರಡೂ ಕಥೆ ಬೆರೆತುಹೋಗಿವೆ.

ಈ ಆಟದ ಗೋಜಿಗೆ ಹೋಗದ ಓದುಗರಿಗೆ ಒಂದೆರಡು ಮಾತು. ಕಾಲೇಜು ಮುಗಿಸಿ ಬರುವ ಹುಡುಗರನ್ನು 32 ತಂಡಗಳು ಸರದಿ ಪ್ರಕಾರ ಹಂಚಿಕೊಳ್ಳುವುದೇ ಡ್ರಾಫ್ಟ್. ಏಳು ಸುತ್ತು. ಸೋತವರಿಗೆ ಮೊದಲ ಸರದಿ. ಐಪಿಎಲ್ ಹರಾಜಿನಂತೆ ಇಲ್ಲಿ ಹಣ ಏರುವುದಿಲ್ಲ. ನಿಮ್ಮ ಸರದಿಯೇ ನಿಮ್ಮ ಜೇಬಿನ ದುಡ್ಡು. ಮುಂಚೆ ಕರೆಯಬೇಕೆಂದರೆ ಇನ್ನೊಂದು ತಂಡಕ್ಕೆ ನಿಮ್ಮ ಬೇರೊಂದು ಸರದಿ ಕೊಟ್ಟು ಜಾಗ ಬದಲಾಯಿಸಿಕೊಳ್ಳಬೇಕು.

ಪೇಟ್ರಿಯಟ್ಸ್ ಮಾಡಿದ್ದು ಅದನ್ನೇ. ಅವರ ಸರದಿ 54ರಲ್ಲಿತ್ತು. ಅದರ ಜೊತೆ ಐದನೇ ಸುತ್ತಿನ 158ನ್ನೂ ಕ್ಯಾನ್ಸಾಸ್ ಸಿಟಿ ಚೀಫ್ಸ್‌ಗೆ ಕೊಟ್ಟು 50ಕ್ಕೆ ಏರಿದರು. ನಮ್ಮಲ್ಲಿ ಆಗ ಶನಿವಾರದ ಬೆಳಗು. ನಾನು ಕಾಫಿ ಲೋಟ ಹಿಡಿದು ಕೂತಿದ್ದೆ. ಏರುತ್ತಿರುವುದು ಜಾರ್ಜಿಯ ಕಾಲೇಜಿನ ರಿಸೀವರ್ ಜಾರ್ಜ್ ಪಿಕೆನ್ಸ್‌ಗಾಗಿ ಎಂದೇ ನಂಬಿದ್ದೆ. ಬಂದ ಹೆಸರು ಬೇಲರ್ ಕಾಲೇಜಿನ ಥಾರ್ನ್‌ಟನ್. ಡ್ರಾಫ್ಟ್‌ಗೆ ಮುಂಚೆ ಹುಡುಗರನ್ನು ಅಳೆದು ಬರೆಯುವ ಹೆಚ್ಚಿನವರ ಪಟ್ಟಿಯಲ್ಲಿ ಆತ ಮೂರನೇ, ನಾಲ್ಕನೇ ಸುತ್ತಿನವನು. ಕೆಲವರು ಅದಕ್ಕೂ ಕೆಳಗೆ ಇಟ್ಟಿದ್ದರು. ಕಾಫಿ ಆರಿತು.

ನಿಮ್ಮ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಪೇಟ್ರಿಯಟ್ಸ್‌ಗೆ ಓಟಗಾರ ಬೇಕಿದ್ದ. 2021ರ ಋತು ಅವರಿಗೆ ಮುಗಿದದ್ದು ಬಫಲೋ ಎದುರು 47-17ರ ಸೋಲಿನಲ್ಲಿ. ಈ ಹುಡುಗ 40 ಗಜ ಓಡಿದ್ದು 4.28 ಸೆಕೆಂಡಿನಲ್ಲಿ. ಮೊದಲು 4.21 ಎಂದು ತೋರಿಸಿ, ದಾಖಲೆ ಮುರಿಯಿತು ಎಂದು ಎಲ್ಲರೂ ಕೂಗಿಕೊಂಡ ಮೇಲೆ ತಿದ್ದಿದ್ದರು. ಬರೀ ಓಟ ಅಂತಲೂ ಅಲ್ಲ. ಕೊನೆಯ ವರ್ಷ ಕಾಲೇಜಿನಲ್ಲಿ 62 ಕ್ಯಾಚ್, 948 ಗಜದ ಮುನ್ನಡೆ, 10 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು). ಕೈಗೆ ಸಿಕ್ಕಿದವನನ್ನು ಎತ್ತಿಕೊಂಡರು ಅನ್ನುವುದು ಅನ್ಯಾಯ.

ಇನ್ನೊಂದು ವಿಷಯದಲ್ಲಿ ನೀವು ನನ್ನನ್ನು ಸರಿಯಾಗಿ ಹಿಡಿದಿದ್ದೀರಿ. ಪಿಕೆನ್ಸ್ ಎರಡನೇ ವರ್ಷ 1,140 ಗಜ ಗಳಿಸಿದ ಎಂದು ಬರೆದು ನಾನು ತೀರ್ಪು ಕೊಟ್ಟಿದ್ದೆ. ಅದು ಫಲಿತಾಂಶ ನೋಡಿಕೊಂಡು ಪರೀಕ್ಷೆ ತಿದ್ದಿದಂತೆ. ಡ್ರಾಫ್ಟ್ ಹೊತ್ತಿಗೆ ಪಿಕೆನ್ಸ್ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಒಂದು ವರ್ಷ ಆಗಿತ್ತು. ನಡತೆ ಬಗ್ಗೆಯೂ ಅನುಮಾನ ಇತ್ತು. ಪೇಟ್ರಿಯಟ್ಸ್ ಅಷ್ಟೇ ಅಲ್ಲ, ಎಷ್ಟೋ ತಂಡಗಳು ಅವನನ್ನು ದಾಟಿಹೋಗಿದ್ದವು.

ಹಾಗಾದರೆ ನಂತರ ಆಗಿದ್ದನ್ನೆಲ್ಲ ಮರೆತು, ಆ ಬೆಳಗಿಗೇ ಹೋಗೋಣ. ಆಗಲೂ ನನಗೆ ಅದು ಬೇಗ ಅನಿಸುತ್ತದಾ ಅಂದ್ರೆ, ಹೌದು. ಕಾರಣ ಹುಡುಗನಲ್ಲ, ಬೆಲೆ.

ಸಂತೆಗೆ ಹೋದವರಿಗೆ ಇದು ಗೊತ್ತು. ಹೊತ್ತು ಇಳಿಯುವವರೆಗೆ ಕಾದರೆ ಬುಟ್ಟಿ ಅಗ್ಗವಾಗುತ್ತದೆ, ಆದರೆ ಬುಟ್ಟಿಯೇ ಉಳಿಯದೆ ಇರಬಹುದು. ಥಾರ್ನ್‌ಟನ್‌ಗೆ ಮೊದಲು ಒಂಬತ್ತು ರಿಸೀವರ್‌ಗಳು ಹೋಗಿದ್ದರು. ಆರು ಮಂದಿ ಮೊದಲ ಸುತ್ತಿನಲ್ಲೇ, 18ನೇ ಸರದಿಯೊಳಗೆ. ಅಂಗಡಿ ಖಾಲಿಯಾಗುತ್ತಿದೆ ಎಂಬ ಭಯ ಸುಳ್ಳಲ್ಲ. ಅವನ ಬೆನ್ನಿಗೇ 52ರಲ್ಲಿ ಪಿಟ್ಸ್‌ಬರ್ಗ್ ಪಿಕೆನ್ಸ್‌ನನ್ನು, 53ರಲ್ಲಿ ಇಂಡಿಯಾನಪೊಲಿಸ್ ಆಲೆಕ್ ಪಿಯರ್ಸ್‌ನನ್ನು ಕರೆದವು. 54ಕ್ಕೆ ಚೀಫ್ಸ್ ಬಂದು, ಪೇಟ್ರಿಯಟ್ಸ್ ಬಿಟ್ಟ ಆ ಜಾಗದಲ್ಲೇ ಸ್ಕೈ ಮೂರ್‌ನನ್ನು ಎತ್ತಿಕೊಂಡಿತು. ಐದು ಸರದಿಯಲ್ಲಿ ನಾಲ್ಕು ರಿಸೀವರ್! ಭಯಪಟ್ಟವರೇನೂ ದಡ್ಡರಲ್ಲ.

ಆದರೆ ಯಾರಿಗಾಗಿ ಭಯಪಟ್ಟರು ನೋಡಿ. ಉಳಿದ ಮೂವರನ್ನು ಹೆಚ್ಚಿನ ಪಟ್ಟಿಗಳು ಎರಡನೇ ಸುತ್ತಿನ ಹುಡುಗರೆಂದೇ ಬರೆದಿದ್ದವು. ಅವರ ಪೈಕಿ ಒಬ್ಬರಿಗಾಗಿ ಏರಿದ್ದರೆ ನಾನು ತುಟಿಪಿಟಕ್ ಅನ್ನುತ್ತಿರಲಿಲ್ಲ. ತಾನಾಗಿಯೇ ಕೆಳಗೆ ಬರಬಹುದಾದವನಿಗಾಗಿ ಮೇಲೇರಿದ್ದಷ್ಟೇ ಅಲ್ಲ, ಅದಕ್ಕೆ ಮೇಲೊಂದು ಸರದಿಯನ್ನೂ ತೆತ್ತರು. ‘ಬೇಕಾದವನನ್ನು ತಗೋಬೇಕು’ ಎಂಬ ನಿಮ್ಮ ಮಾತು ಸರಿ. ಆದರೆ ಬೇಕು ಅನ್ನುವುದು ಬೇರೆ, ಈಗಲೇ ಬೇಕು ಅನ್ನುವುದು ಬೇರೆ. ಪಕ್ಕದವರ ಮನಸ್ಸಿನಲ್ಲಿ ಏನಿದೆ ಎಂದು ಅಂದಾಜು ಮಾಡುವುದೂ ಡ್ರಾಫ್ಟ್‌ನ ಅರ್ಧ ಕೆಲಸ.

ನನ್ನ ಸಿಟ್ಟಿಗೆ ಹಳೆಯ ಕಾರಣವೂ ಇದೆ. ಆಗ ಪೇಟ್ರಿಯಟ್ಸ್ ನಡೆಸುತ್ತಿದ್ದ ಬಿಲ್ ಬೆಲಿಚಿಕ್ ದೊಡ್ಡ ಕೋಚ್, ಅದರಲ್ಲಿ ಎರಡು ಮಾತಿಲ್ಲ. ರಿಸೀವರ್ ಆರಿಸುವಾಗ ಮಾತ್ರ ಅವರ ಕೈ ನಡುಗುತ್ತಿತ್ತು. 2006ರಲ್ಲಿ 52ರಿಂದ 36ಕ್ಕೆ ಏರಿ ಚಾಡ್ ಜಾಕ್ಸನ್‌ನನ್ನು ತಂದರು. ಆತ ನೆಲೆ ನಿಲ್ಲಲಿಲ್ಲ. ಬಿಟ್ಟುಕೊಟ್ಟ 52ರಲ್ಲಿ ಗ್ರೀನ್ ಬೇ ಗ್ರೆಗ್ ಜೆನ್ನಿಂಗ್ಸ್‌ನನ್ನು ಪಡೆಯಿತು. 2019ರಲ್ಲಿ 32ರಲ್ಲಿ ನಿಕೀಲ್ ಹ್ಯಾರಿ. ಆಗ ಡೀಬೊ ಸ್ಯಾಮ್ಯುಯೆಲ್, ಎ.ಜೆ. ಬ್ರೌನ್, ಡಿಕೆ ಮೆಟ್‌ಕಾಫ್ ಮೂವರೂ ಇನ್ನೂ ಕರೆಗಾಗಿ ಕಾದು ಕೂತಿದ್ದರು. ತಮಾಷೆ ಏನೆಂದರೆ ಅವರಿಗೆ ಸಿಕ್ಕ ಒಳ್ಳೆಯ ರಿಸೀವರ್ ಜೂಲಿಯನ್ ಎಡೆಲ್‌ಮನ್. 2009ರಲ್ಲಿ, ಏಳನೇ ಸುತ್ತಿನ 232ರಲ್ಲಿ. ಕಾಲೇಜಿನಲ್ಲಿ ಆತ ಚೆಂಡು ಹಿಡಿಯುವವನೇ ಅಲ್ಲ, ಎಸೆಯುವ ಕ್ವಾರ್ಟರ್‌ಬ್ಯಾಕ್! ಮುಂದೆ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಅತ್ಯುತ್ತಮ ಆಟಗಾರನಾದ.

ಗಾಯದ ಮಾತಿಗೆ ಬರುತ್ತೇನೆ. ಮೊದಲ ಋತು ಶುರುವಾಗುವ ಮುಂಚೆಯೇ ಥಾರ್ನ್‌ಟನ್‌ನ ಕಾಲರ್‌ಬೋನ್ ಮುರಿಯಿತು. ಅದು ದುರದೃಷ್ಟ, ಒಪ್ಪಿದೆ. ಮರಳಿ ಬಂದು ಕ್ಲೀವ್‌ಲ್ಯಾಂಡ್‌ನಲ್ಲಿ ಒಂದೇ ಪಂದ್ಯದಲ್ಲಿ ಎರಡು ಟಚ್‌ಡೌನ್ ಹೊಡೆದಾಗ ನಿಮ್ಮ ಹಾಗೆ ನಾನೂ ಎದ್ದು ಕೂತೆ. ಗಾಯಕ್ಕಿಂತ ಜಾಸ್ತಿ ನನಗೆ ಬೇಸರ ತಂದದ್ದು ಬೇರೆ. ಮೂರು ಋತುವಿನಲ್ಲಿ ಅಲ್ಲಿ ದಾಳಿಯ ಆಟ ಹೇಳಿಕೊಡಲು ಮೂವರು ಬಂದುಹೋದರು. ಮೊದಲು ಮ್ಯಾಟ್ ಪ್ಯಾಟ್ರಿಶಿಯ, ಆತನ ಹೆಸರಿದ್ದದ್ದು ರಕ್ಷಣೆಯ ಆಟದಲ್ಲಿ. ಆಮೇಲೆ ಬಿಲ್ ಓ’ಬ್ರಾಯನ್, ಆಮೇಲೆ ಅಲೆಕ್ಸ್ ವ್ಯಾನ್ ಪೆಲ್ಟ್. ಇಂಥ ಮನೆಯಲ್ಲಿ ಪಿಕೆನ್ಸ್ ಇದ್ದಿದ್ದರೂ ಎಷ್ಟು ಬೆಳೆಯುತ್ತಿದ್ದನೋ. ಥಾರ್ನ್‌ಟನ್ ಮಾತ್ರ ಒಟ್ಟು 39 ಕ್ಯಾಚ್, 385 ಗಜಕ್ಕೆ ನಿಂತ. 2024ರ ನವೆಂಬರ್‌ನಲ್ಲಿ ತಂಡ ಅವನನ್ನು ಕೈಬಿಟ್ಟಿತು.

ಎತ್ತಿಕೊಂಡವರು ಯಾರು ಗೊತ್ತಲ್ಲ? ಅದೇ ಚೀಫ್ಸ್. 2025ರಲ್ಲಿ ಫಿಲಡೆಲ್ಫಿಯ ವಿರುದ್ಧ ಪ್ಯಾಟ್ರಿಕ್ ಮಹೋಮ್ಸ್ ಎಸೆದ ಚೆಂಡು ಹಿಡಿದು 49 ಗಜದ ಟಚ್‌ಡೌನ್ ಗಳಿಸಿದ. ಅವನ ಬದಲು ಬಂದಿದ್ದ ಸ್ಕೈ ಮೂರ್‌ನನ್ನು ಆ ಹೊತ್ತಿಗೆ ಚೀಫ್ಸ್ ಸ್ಯಾನ್ ಫ್ರಾನ್ಸಿಸ್ಕೊಗೆ ದಾಟಿಸಿಯಾಗಿತ್ತು. ಹುಡುಗನಿಗೆ ಆಟ ಬರುವುದಿಲ್ಲ ಎಂದು ನಾನು ಯಾವತ್ತೂ ಬರೆದಿಲ್ಲ. ‘ಕೈ ಸುಟ್ಟುಕೊಂಡಿತು’ ಎಂದದ್ದು ತಂಡದ ಬಗ್ಗೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಕೊನೆಯಲ್ಲಿ ನೀವು ಸವಾಲು ಹಾಕಿದ್ದೀರಿ: ‘ನೀವೇ ಆ ಕುರ್ಚಿಯಲ್ಲಿದ್ದರೆ ಏನು ಮಾಡ್ತಿದ್ರಿ?’ 54ರಲ್ಲೇ ಕೂತು, ಸ್ಕೈ ಮೂರ್‌ನನ್ನು ಕರೆದು, ಥಾರ್ನ್‌ಟನ್‌ಗಾಗಿ ಮೂರನೇ ಸುತ್ತಿನ 85ರವರೆಗೆ ಕಾಯುತ್ತಿದ್ದೆ. ಉತ್ತರ ಬರೆದು ಮುಗಿಸಿದ ಮೇಲೆ, ಪೇಟ್ರಿಯಟ್ಸ್ ಆ 85ರಲ್ಲಿ ಯಾರನ್ನು ಕರೆದಿತ್ತು ಎಂದು ತೆಗೆದು ನೋಡಿದೆ. ಮಾರ್ಕಸ್ ಜೋನ್ಸ್. ಮೊದಲ ವರ್ಷವೇ ಆಲ್-ಪ್ರೊ, ಅಂದರೆ ಲೀಗ್‌ನ ಆ ವರ್ಷದ ಅತ್ಯುತ್ತಮರ ಪಟ್ಟಿಗೆ ಸೇರಿದವನು. ನ್ಯೂಯಾರ್ಕ್ ಜೆಟ್ಸ್ ವಿರುದ್ಧ 84 ಗಜ ಓಡಿ, ಐದೇ ಸೆಕೆಂಡು ಉಳಿದಿರುವಾಗ ಟಚ್‌ಡೌನ್ ಮುಗಿಸಿ ಪಂದ್ಯ ಗೆಲ್ಲಿಸಿದವನು. ನನ್ನ ಯೋಜನೆಯಲ್ಲಿ ಅವನು ಬೇರೆ ತಂಡದ ಪಾಲಾಗುತ್ತಿದ್ದ. ಇದನ್ನು ನೀವೇ ಬರೆದು ಕಳಿಸುವ ಮೊದಲು ನಾನೇ ಹೇಳಿಬಿಟ್ಟಿದ್ದೇನೆ.

ಸಂ.