ಪ್ರತಿಕ್ರಿಯೆ: ದೇಣಿಗೆ ಸ್ವಯಂಸೇವಕರ ಫೋನ್‌ಪೇಗೆ ಬಂದರೆ

'ನೆರೆ ಪರಿಹಾರದ ದುಡ್ಡು ನಿಮ್ಮ ಫೋನ್‌ಪೇಗೇ ಹಾಕಿಸಿಕೊಳ್ಳಿ, ಪೆಟ್ರೋಲ್ ಖರ್ಚು ಅದರಲ್ಲೇ ಹಿಡ್ಕೊಳ್ಳಿ' ಅಂತ ನೀವು ಸ್ವಯಂಸೇವಕರಾಗಿರುವ ಟ್ರಸ್ಟಿನ ಸಂಯೋಜಕರು ಹೇಳಿದ್ದಾರೆ, ಅಮೆರಿಕದಲ್ಲಿರುವ ಚಿಕ್ಕಪ್ಪನೂ ಹಣ ಕಳಿಸ್ತಾರೆ ಅಂದಿರಿ. ಮೋಸವೇ ಇರಬೇಕು ಅಂತಿಲ್ಲ. ಸ್ವಯಂಸೇವಕರ ಖರ್ಚಿಗೆ ಸಂಸ್ಥೆಯಲ್ಲಿ ಲಿಖಿತ ನಿಯಮ ಇಲ್ಲದಿದ್ದರೆ ಹೀಗೇ ಆಗೋದು ಜಾಸ್ತಿ. ಆದರೆ ಲೆಕ್ಕ ಕೇಳುವ ದಿನ ಸ್ಟೇಟ್‌ಮೆಂಟಿನಲ್ಲಿ ಕಾಣುವುದು ನಿಮ್ಮ ಹೆಸರು.

ಮೊದಲು ಹೊಸ ಹಣ ನಿಲ್ಲಿಸಿ. ಆಮೇಲೆ ಟ್ರಸ್ಟಿನ ಖಾತೆ ವಿವರ ಕೇಳಿ, ಒಂದು ರೂಪಾಯಿ ಕಳಿಸಿ ನೋಡಿ. ಟ್ರಸ್ಟಿನ ಹೆಸರು ಬರಬೇಕು, ಸಂಯೋಜಕರದ್ದಲ್ಲ. ಸರಿಯಿದ್ದರೆ ಬಂದಿದ್ದಷ್ಟನ್ನೂ ಅಲ್ಲಿಗೇ ಹಾಕಿ, ನಗದು ಬೇಡ. ಅದೇ ದಿನ ಯಾರು, ಎಷ್ಟು, ಯಾವ ತಾರೀಕು, ಯುಟಿಆರ್ ನಂಬರ್ (ಪ್ರತಿ ಹಣ ವರ್ಗಾವಣೆಗೂ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ) ಏನು ಅಂತ ಪಟ್ಟಿ ಮಾಡಿ ಟ್ರಸ್ಟಿಗೆ ಇಮೇಲ್ ಕಳಿಸಿ. ರಸೀದಿ ದಾನಿಗಳ ಹೆಸರಿಗೇ ಕೇಳಿ.

ಅಮೆರಿಕದ ಚಿಕ್ಕಪ್ಪನ ಹಣ ಮಾತ್ರ ನಿಮ್ಮ ಖಾತೆಗೆ ಬೇಡವೇ ಬೇಡ. ಅವರದು ಅಮೆರಿಕದ ಪಾಸ್‌ಪೋರ್ಟ್ ಆಗಿದ್ದರೆ, ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಇದ್ದರೂ, ಟ್ರಸ್ಟಿಗೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆಯೂ ಅದನ್ನು ಎಸ್‌ಬಿಐ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ತರಿಸಿಕೊಳ್ಳಬೇಕು.

ಪೆಟ್ರೋಲ್ ಲೆಕ್ಕ ಬೇರೆ. ದೇಣಿಗೆಯಲ್ಲಿ ಮುರಿದುಕೊಳ್ಳಬೇಡಿ. ಬಿಲ್ಲು, ಹೋದ ಊರು, ಕಿಲೋಮೀಟರ್ ಬರೆದು ಕೇಳಿ. ಮೊದಲೇ ಬರಹದಲ್ಲಿ ಒಪ್ಪಿಲ್ಲದಿದ್ದರೆ ಸಿಗುತ್ತೋ ಇಲ್ಲವೋ ಹೇಳಲಾರೆ. ಇನ್ನು ಮುಂದೆ ಹೊರಡುವ ಮುಂಚೆ ಖರ್ಚು, ಅಪಘಾತ ವಿಮೆ ಎರಡನ್ನೂ ಬರೆಸಿಕೊಳ್ಳಿ.

ಸಂಯೋಜಕರು ಮುಖ ಗಂಟಿಕ್ಕಿದರೆ 'ದುಡ್ಡಿನ ಕೆಲಸ ಬೇಡ, ಕಿಟ್ ಹಂಚೋಕೆ ಬರ್ತೀನಿ' ಅನ್ನಿ. ಸಂಬಳ ಇಲ್ಲದ ಕೆಲಸ, ಬೇಡ ಅನ್ನಬಹುದು ಅಲ್ವಾ. ಪಟ್ಟಿ ಕಳಿಸಿದ ಮೇಲೂ ರಸೀದಿ ಬರದಿದ್ದರೆ ಟ್ರಸ್ಟಿಗಳಿಗೇ ನೇರವಾಗಿ ಬರೆಯಿರಿ, ದಾನಿಗಳಿಗೂ ತಿಳಿಸಿ.