ಬ್ಯಾಟರಿ ವಿಮಾನ: ಕೊನೆಯ ಮೂವತ್ತು ಪರ್ಸೆಂಟ್ ನಿಮ್ಮದಲ್ಲ

ಬ್ಯಾಟರಿಯಲ್ಲಿ ಹಾರುವ ಸಣ್ಣ ವಿಮಾನಗಳ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅವೇ ಐದಾರು. ಉತ್ತರ ಬರೆದ ಮರುವಾರವೇ ಅದೇ ಪ್ರಶ್ನೆ ಬೇರೆ ಹೆಸರಿನಲ್ಲಿ ಹಾಜರು. ಜೊತೆಗೊಂದು ವಿಡಿಯೊ ಬೇರೆ, ‘ಇದನ್ನು ನೋಡಿ, ನಿಮಗೇ ಗೊತ್ತಾಗುತ್ತದೆ’ ಅಂತ. ಹಾಗಾಗಿ ಈ ಸಲ ಎಲ್ಲವನ್ನೂ ಒಟ್ಟಿಗೆ ಮುಗಿಸುತ್ತೇನೆ. ಲಿಥಿಯಂ ಬ್ಯಾಟರಿ ಎಂದರೇನು, ಮೋಟರ್ ಹೇಗೆ ತಿರುಗುತ್ತದೆ ಎಂದು ಇಲ್ಲಿ ವಿವರಿಸುವುದಿಲ್ಲ.

ರೆಕ್ಕೆಯ ಮೇಲೆ ಸಣ್ಣ ಫ್ಯಾನ್, ಅದಕ್ಕೊಂದು ಡೈನಮೊ ಕೂರಿಸಿದರೆ ಹಾರುತ್ತಲೇ ಚಾರ್ಜ್ ಆಗುವುದಿಲ್ಲವೇ?

ಇಲ್ಲ. ಆ ಫ್ಯಾನನ್ನು ಗಾಳಿಯಲ್ಲಿ ಎಳೆದುಕೊಂಡು ಹೋಗುವುದು ಅದೇ ಬ್ಯಾಟರಿ. ಕೊಟ್ಟಿದ್ದಕ್ಕಿಂತ ಕಡಿಮೆಯೇ ವಾಪಸ್ ಬರುತ್ತದೆ. ವಿಡಿಯೊ ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ.

ಹಾಗಾದರೆ ರೆಕ್ಕೆ ತುಂಬ ಸೋಲಾರ್ ಪ್ಯಾನೆಲ್ ಹಾಕಬಹುದಲ್ಲ?

ಎರಡು ಸೀಟಿನ ವಿಮಾನದ ರೆಕ್ಕೆ ಸುಮಾರು 10 ಚದರ ಮೀಟರ್. ನೆತ್ತಿ ಸುಡುವ ಬಿಸಿಲಿನಲ್ಲೂ ಅಷ್ಟು ಜಾಗದಿಂದ ಎರಡು ಕಿಲೋವಾಟ್ ಸಿಕ್ಕರೆ ಪುಣ್ಯ. ಹಾರಲು ಬೇಕಾದದ್ದು ಇಪ್ಪತ್ತಕ್ಕೂ ಜಾಸ್ತಿ. ‘ಸೋಲಾರ್ ಇಂಪಲ್ಸ್ 2 ಭೂಮಿಯನ್ನೇ ಸುತ್ತಿತಲ್ಲ’ ಎನ್ನುತ್ತೀರಿ. ಸುತ್ತಿತು, 2015ರಲ್ಲಿ ಹೊರಟು 2016ರಲ್ಲಿ ಮುಗಿಸಿತು. ರೆಕ್ಕೆಯ ಉದ್ದ 72 ಮೀಟರ್. ಒಳಗೆ ಕೂರುವುದು ಒಬ್ಬನೇ ಪೈಲಟ್.

ಎಲೆಕ್ಟ್ರಿಕ್ ಕಾರು ಒಂದು ಚಾರ್ಜಿಗೆ 400 ಕಿಲೋಮೀಟರ್ ಓಡುತ್ತದೆ. ವಿಮಾನ ಮಾತ್ರ ಮುಕ್ಕಾಲು ಗಂಟೆಗೇ ಇಳಿಯಬೇಕು. ಇನ್ನೊಂದು ಬ್ಯಾಟರಿ ಹಾಕಿದರೆ ಆಗುವುದಿಲ್ಲವೇ? ಕಂಪನಿಗಳು ಬೇಕಂತಲೇ ಹೀಗೆ ಮಾಡುತ್ತಿವೆಯೇ?

ಹೆಚ್ಚು ಬರುವ ಪ್ರಶ್ನೆ ಇದೇ. ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ, ಕೂತು ಲೆಕ್ಕ ಹಾಕಬೇಕು.

ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯ ವೆಲಿಸ್ ಎಲೆಕ್ಟ್ರೊ ವಿಮಾನವನ್ನೇ ತೆಗೆದುಕೊಳ್ಳೋಣ. 2020ರ ಜೂನ್‌ನಲ್ಲಿ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಇದಕ್ಕೆ ಟೈಪ್ ಸರ್ಟಿಫಿಕೇಟ್, ಅಂದರೆ ಈ ಮಾದರಿ ಹಾರಲು ಯೋಗ್ಯ ಎಂಬ ಮಾನ್ಯತೆ, ಕೊಟ್ಟಿತು. ಗಾಳಿಯ ಬಲದಲ್ಲೇ ತೇಲುವ ಗ್ಲೈಡರ್‌ಗಳನ್ನು ಬಿಟ್ಟರೆ, ಪೂರ್ತಿ ಬ್ಯಾಟರಿಯಲ್ಲೇ ಹಾರುವ ವಿಮಾನಕ್ಕೆ ಅಂಥ ಮಾನ್ಯತೆ ಸಿಕ್ಕಿದ್ದು ಅದೇ ಮೊದಲು. ಎರಡು ಸೀಟು. ಹೊರಡುವಾಗ ಒಟ್ಟು ತೂಕ 600 ಕೆಜಿ ದಾಟುವಂತಿಲ್ಲ. ಅದರಲ್ಲಿ ಜನ, ಸಾಮಾನು ಎಲ್ಲ ಸೇರಿ 172 ಕೆಜಿ. ಬ್ಯಾಟರಿ ಎರಡು, ಒಂದೊಂದೂ ಸುಮಾರು 70 ಕೆಜಿ. ಎರಡೂ ಸೇರಿದರೆ ಹೆಚ್ಚುಕಡಿಮೆ 25 ಯೂನಿಟ್. ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್.

ಈಗ ಪೆಟ್ರೋಲಿನ ಕಡೆ ಬನ್ನಿ. ಒಂದು ಕೆಜಿ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿ ಇರುತ್ತದೆ. ಎಂಜಿನ್ ಅದರಲ್ಲಿ ಮುಕ್ಕಾಲು ಭಾಗವನ್ನು ಬಿಸಿಯಾಗಿ ಹೊರಗೆ ಹಾಕುತ್ತದೆ. ಪ್ರೊಪೆಲರಿಗೆ ಮುಟ್ಟುವುದು ಮೂರು ಯೂನಿಟ್ ಎಂದಿಟ್ಟುಕೊಳ್ಳಿ. ಮೋಟರ್ ಹಾಗಲ್ಲ, ನೂರಕ್ಕೆ ತೊಂಬತ್ತರಷ್ಟನ್ನು ಪ್ರೊಪೆಲರಿಗೇ ಕೊಡುತ್ತದೆ. ಈ ತೊಂಬತ್ತನ್ನು ತೋರಿಸಿಯೇ ಮಾರುವವರು ಜನರನ್ನು ಮರುಳು ಮಾಡುವುದು. ಒಂದು ಕೆಜಿ ಬ್ಯಾಟರಿ ಪ್ಯಾಕಿನಲ್ಲಿ ಇರುವುದೇ 0.18 ಯೂನಿಟ್! ಅದರಲ್ಲಿ ತೊಂಬತ್ತಾದರೇನು, ನೂರಾದರೇನು? ಲೆಕ್ಕ ಹಾಕಿ ನೋಡಿ. ಆ 140 ಕೆಜಿ ಬ್ಯಾಟರಿ ಮಾಡುವ ಕೆಲಸವನ್ನು ಹತ್ತು ಲೀಟರ್ ಪೆಟ್ರೋಲ್ ಮಾಡಿ ಮುಗಿಸುತ್ತದೆ. ಪೆಟ್ರೋಲಾದರೆ ಉರಿದಂತೆಲ್ಲ ವಿಮಾನ ಹಗುರವಾಗುತ್ತದೆ. ಬ್ಯಾಟರಿ ಖಾಲಿಯಾದರೂ ಅಷ್ಟೇ ತೂಕ. ಹೊತ್ತುಕೊಂಡು ಏರಿದ್ದನ್ನು ಹೊತ್ತುಕೊಂಡೇ ಇಳಿಯಬೇಕು.

ಕಾರಿನ ಮಾತು ಬೇರೆ. ಅದರ ತೂಕವನ್ನು ರಸ್ತೆ ಹೊರುತ್ತದೆ. 400 ಕಿಲೋಮೀಟರ್ ಓಡುವ ಕಾರಿನ ಬ್ಯಾಟರಿಯೇ ಎಷ್ಟೋ ಸಲ 400 ಕೆಜಿ ದಾಟುತ್ತದೆ. ನಮ್ಮ ವಿಮಾನ, ಅದರೊಳಗಿನ ಇಬ್ಬರು, ಎಲ್ಲ ಸೇರಿ 600. ‘ಇನ್ನೊಂದು ಜೊತೆ ಬ್ಯಾಟರಿ ಹಾಕಿ’ ಎನ್ನುವವರು 172ರಿಂದ 140 ಕಳೆಯಲಿ. ಉಳಿಯುವುದು 32 ಕೆಜಿ. ಪೈಲಟ್ ಯಾರು, ಎಂಟು ವರ್ಷದ ಹುಡುಗನೇ? ರೆಕ್ಕೆ ದೊಡ್ಡದು ಮಾಡಿ ಎನ್ನುತ್ತೀರಿ. ಮಾಡಬಹುದು. ಆಗ ರೆಕ್ಕೆಯ ತೂಕ, ಅದನ್ನು ತಾಳುವ ಚೌಕಟ್ಟಿನ ತೂಕ, ಅದನ್ನೆಲ್ಲ ಎತ್ತುವ ಮೋಟರಿನ ತೂಕ, ಅದಕ್ಕೆ ಮತ್ತಷ್ಟು ಬ್ಯಾಟರಿ. ಎರಡು ಪಟ್ಟು ಬ್ಯಾಟರಿಗೆ ಎರಡು ಪಟ್ಟು ದೂರ ಯಾವತ್ತೂ ಸಿಗುವುದಿಲ್ಲ.

ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ. ಯಾರೂ ಕೇಳದ ಮಾತು ಇನ್ನೊಂದಿದೆ. ನನಗೆ ನಿಜಕ್ಕೂ ಭಯ ಇರುವುದು ಅಲ್ಲಿ.

ಪೆಟ್ರೋಲ್ ಟ್ಯಾಂಕಿನ ಕೊನೆಯ ಲೀಟರಿಗೂ ಮೊದಲ ಲೀಟರಿನಷ್ಟೇ ಬಲ. ಬ್ಯಾಟರಿ ಹಾಗಲ್ಲ. ಚಾರ್ಜ್ ಇಳಿದಂತೆ ವೋಲ್ಟೇಜ್ ಇಳಿಯುತ್ತದೆ. ಅಷ್ಟೇ ಕಿಲೋವಾಟ್ ಬೇಕೆಂದರೆ ಜಾಸ್ತಿ ಕರೆಂಟ್ ಎಳೆಯಬೇಕು. ಜಾಸ್ತಿ ಕರೆಂಟ್ ಎಳೆದರೆ ಸೆಲ್ಲು ಬಿಸಿಯಾಗುತ್ತದೆ, ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಈಗ ಯೋಚಿಸಿ. ನೀವು ಇಳಿಯಲು ಬಂದಿದ್ದೀರಿ, ಮೀಟರಿನಲ್ಲಿ 12 ಪರ್ಸೆಂಟ್ ತೋರಿಸುತ್ತಿದೆ. ರನ್‌ವೇ ಮೇಲೆ ಇನ್ನೊಂದು ವಿಮಾನ ಅಡ್ಡ ಬಂತು. ಮತ್ತೆ ಮೇಲೇರಬೇಕು. ಮೋಟರಿನ ಪೂರ್ತಿ ಬಲ ಬೇಕಾಗುವುದು ಆ ಗಳಿಗೆಯಲ್ಲೇ, ಬ್ಯಾಟರಿ ಅತಿ ಸೊರಗಿರುವುದೂ ಆ ಗಳಿಗೆಯಲ್ಲೇ. ಕಾರಾದರೆ ಪಕ್ಕಕ್ಕೆ ನಿಲ್ಲಿಸಿ ಫೋನ್ ಮಾಡುತ್ತಿದ್ದಿರಿ.

ಆದ್ದರಿಂದ ಕೊನೆಯ 30 ಪರ್ಸೆಂಟ್ ಅನ್ನು ಇಲ್ಲವೆಂದೇ ತಿಳಿದು ಹಾರಿ. ಇದು ನನ್ನ ಲೆಕ್ಕ, ನಿಯಮದ್ದಲ್ಲ. ನಿಯಮ ಬೇರೆಯೇ ಇದೆ. ಅಮೆರಿಕದಲ್ಲಿ ಉಪಕರಣಗಳನ್ನು ನೆಚ್ಚದೆ ಹೊರಗೆ ಕಣ್ಣಿಂದ ನೋಡಿಕೊಂಡು ಹಾರುವವರು ಗುರಿ ಮುಟ್ಟಿದ ಮೇಲೆ ಹಗಲಲ್ಲಿ ಇನ್ನೂ 30 ನಿಮಿಷ, ರಾತ್ರಿ 45 ನಿಮಿಷ ಹಾರುವಷ್ಟು ಇಂಧನ ಉಳಿಯುವಂತೆ ನೋಡಿಕೊಂಡೇ ಹೊರಡಬೇಕು. ಐದು ಗಂಟೆ ಹಾರುವ ಪೆಟ್ರೋಲ್ ವಿಮಾನಕ್ಕೆ ಅರ್ಧ ಗಂಟೆ ಏನೂ ಅಲ್ಲ. ಒಂದು ಗಂಟೆ ಹಾರುವ ವಿಮಾನಕ್ಕೆ ಅದು ಅರ್ಧ ಆಯುಸ್ಸು.

25 ಯೂನಿಟ್ ವಿಮಾನದ ಒಂದು ಹಾರಾಟವನ್ನು ಅಂದಾಜು ಮಾಡೋಣ. ಟೇಕಾಫ್ ಮತ್ತು ಏರುವುದಕ್ಕೆ 4 ಯೂನಿಟ್. ಮುಟ್ಟಬಾರದ್ದು ಸುಮಾರು 7. ಉಳಿಯಿತು 14. ನಿಧಾನವಾಗಿ, 22 ಕಿಲೋವಾಟಿನಲ್ಲಿ ಹಾರಿದರೆ 38 ನಿಮಿಷ. ಏರುವ ಸಮಯ ಸೇರಿ ಮುಕ್ಕಾಲು ಗಂಟೆಯ ಒಳಗೆ.

ಇನ್ನು ಬ್ಯಾಟರಿ ಹಳತಾದ ಮೇಲಿನ ಕಥೆ. ‘80 ಪರ್ಸೆಂಟ್ ಆರೋಗ್ಯ ಇದೆ ಸಾರ್, ಇನ್ನೂ ಚೆನ್ನಾಗಿದೆ’ ಎನ್ನುತ್ತಾರೆ. ಹಾಗೆಂದರೆ 25 ಇದ್ದದ್ದು 20 ಆಗಿದೆ. ಏರಲು ಬೇಕಾದ 4 ಕಡಿಮೆಯಾಗುವುದಿಲ್ಲ. ಆಪತ್ತಿಗೆ ಬೇಕಾದ 7ರಲ್ಲೂ ಚೌಕಾಸಿ ಇಲ್ಲ. ಉಳಿದದ್ದು 9 ಯೂನಿಟ್, ಅಂದರೆ 25 ನಿಮಿಷ. ಬ್ಯಾಟರಿ ಕಳೆದುಕೊಂಡದ್ದು ಐದರಲ್ಲೊಂದು ಪಾಲು, ನೀವು ಕಳೆದುಕೊಂಡದ್ದು ಮೂರರಲ್ಲೊಂದಕ್ಕಿಂತ ಜಾಸ್ತಿ. ಚಳಿಯ ಬೆಳಿಗ್ಗೆಯಾದರೆ ಇದಕ್ಕಿಂತಲೂ ಕಡಿಮೆ, ಏಕೆಂದರೆ ತಣ್ಣಗಿರುವ ಸೆಲ್ ಕರೆಂಟ್ ಕೊಡಲು ಒದ್ದಾಡುತ್ತದೆ. ಹಳೆಯ ಬ್ಯಾಟರಿ ವಿಮಾನವನ್ನು ಕೊಳ್ಳುವವರು ಬಣ್ಣ, ಸೀಟು ನೋಡಿಕೊಂಡು ಬರುತ್ತಾರೆ. ಕೇಳಬೇಕಾದದ್ದು ಈ ಒಂದು ಅಂಕಿ.

ಕಂಪನಿಗಳ ಸಂಚು? ಇಲ್ಲ. ಬ್ಯಾಟರಿಯ ತೂಕವೇ ಸಂಚು.

ಹಾಗಾದರೆ ಇದೆಲ್ಲ ಬರೀ ಪ್ರಚಾರ, ಪ್ರಯೋಜನವಿಲ್ಲ ಅಂತಲೇ?

ನಾನೆಲ್ಲಿ ಹಾಗೆಂದೆ? ಹಾರಾಟ ಕಲಿಯುವವರು ಮೊದಮೊದಲು ಮಾಡುವುದೇನು? ಏರುವುದು, ಒಂದು ಸುತ್ತು ಬರುವುದು, ಇಳಿಯುವುದು, ಮತ್ತೆ ಏರುವುದು. ಎಲ್ಲವೂ ಒಂದೇ ರನ್‌ವೇ ಸುತ್ತಮುತ್ತ, ಚಾರ್ಜರ್ ಇರುವ ಜಾಗದಲ್ಲೇ. ಆ ಕೆಲಸಕ್ಕೆ ಅರ್ಧ-ಮುಕ್ಕಾಲು ಗಂಟೆ ಸಾಕು. ಸದ್ದು ಕಡಿಮೆ, ಅಕ್ಕಪಕ್ಕದ ಊರಿನವರ ಬೈಗುಳ ಕಡಿಮೆ. ಸಣ್ಣ ವಿಮಾನಗಳ ಪೆಟ್ರೋಲಿನಲ್ಲಿ ಇವತ್ತಿಗೂ ಹೆಚ್ಚಿನ ಕಡೆ ಸೀಸ ಇದೆ, ಆ ಹೊಗೆಯೂ ತಪ್ಪುತ್ತದೆ. ಮೇಲೇರಿದಂತೆ ಗಾಳಿ ತೆಳುವಾಗಿ ಪೆಟ್ರೋಲ್ ಎಂಜಿನ್ ಸೊರಗುತ್ತದೆ. ಮೋಟರಿಗೆ ಆ ಚಿಂತೆಯಿಲ್ಲ.

ಗ್ಲೈಡರ್‌ಗಳಿಗಂತೂ ಇದು ಹೇಳಿ ಮಾಡಿಸಿದ್ದು. ಮೇಲೇರಲು ಕೆಲವು ನಿಮಿಷ ಮೋಟರ್ ಓಡಿದರೆ ಸಾಕು, ಉಳಿದದ್ದನ್ನು ಗಾಳಿ ನೋಡಿಕೊಳ್ಳುತ್ತದೆ. ಮನುಷ್ಯನನ್ನು ಹೊತ್ತ ಮೊದಲ ಬ್ಯಾಟರಿ ವಿಮಾನವೂ ಮೋಟರ್ ಗ್ಲೈಡರೇ. 1973ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದಲ್ಲಿ ಎಂಬಿ-ಇ1 ಹಾರಿತು, ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯಲ್ಲಿ. ‘ಹೊಸ ತಂತ್ರಜ್ಞಾನ’ ಎಂದು ಕುಣಿಯುವವರಿಗೆ ಇದನ್ನು ಹೇಳಿ.

ಎಲೆಕ್ಟ್ರಿಕ್ ಮೋಟರ್ ಕೆಟ್ಟು ನಿಲ್ಲುವುದೇ ಇಲ್ಲವಂತೆ, ನಿಜವೇ?

ಸುಳ್ಳು. 2019ರ ಆಗಸ್ಟ್‌ನಲ್ಲಿ ನಾರ್ವೆಯಲ್ಲಿ ಎರಡು ಸೀಟಿನ ಎಲೆಕ್ಟ್ರಿಕ್ ವಿಮಾನವೊಂದು ಹಾರುತ್ತಿರುವಾಗಲೇ ಬಲ ಕಳೆದುಕೊಂಡು ನೀರಿಗಿಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ಮೋಟರಿನಲ್ಲಿ ಭಾಗಗಳು ಕಡಿಮೆ, ನಿಜ. ಆದರೆ ಅದರ ಹಿಂದೆ ಇನ್ವರ್ಟರ್, ಕನೆಕ್ಟರ್, ಸೆನ್ಸರ್, ಸಾಫ್ಟ್‌ವೇರ್ ಎಲ್ಲ ಇವೆ.

ಸ್ಕೂಟರ್ ಬ್ಯಾಟರಿಯ ಸೆಲ್ಲುಗಳನ್ನು ಜೋಡಿಸಿ ಪ್ಯಾರಾಮೋಟರ್ (ಬೆನ್ನಿಗೆ ಮೋಟರ್ ಕಟ್ಟಿಕೊಂಡು ಪ್ಯಾರಾಚೂಟಿನಂಥ ರೆಕ್ಕೆಯಲ್ಲಿ ಹಾರುವುದು) ಮಾಡಿಕೊಳ್ಳುವ ಕಿಟ್ ಆನ್‌ಲೈನಿನಲ್ಲಿ ಸಿಗುತ್ತದೆ. ತರಿಸಬಹುದೇ?

ಬೇಡ. ಬೇಡ ಎಂದರೆ ಬೇಡ.

ಒಂದು ಸೆಲ್ ಒಳಗೊಳಗೇ ಶಾರ್ಟ್ ಆಗಿ ಬಿಸಿಯಾದರೆ ಅದರ ಬಿಸಿಗೆ ಪಕ್ಕದ್ದು ಹೊತ್ತಿಕೊಳ್ಳುತ್ತದೆ, ಅದರಿಂದ ಮುಂದಿನದ್ದು. ಗಾಳಿ ತಪ್ಪಿಸಿದರೆ ಆರುವ ಬೆಂಕಿ ಇದಲ್ಲ. ಮಾನ್ಯತೆ ಪಡೆಯುವ ಪ್ಯಾಕ್‌ಗಳಲ್ಲಿ ಈ ಹರಡುವಿಕೆಯನ್ನು ತಡೆಯುವುದಕ್ಕೇ ಎಷ್ಟೋ ಕೆಜಿ ತೂಕ ಹೋಗುತ್ತದೆ. ಕಿಟ್ ಮಾರುವವರು ಮೊದಲು ಕಿತ್ತು ಹಾಕುವುದು ಆ ತೂಕವನ್ನೇ. ಆಮೇಲೆ ‘ನಮ್ಮ ಪ್ಯಾಕ್ ಎಷ್ಟು ಹಗುರ ನೋಡಿ’ ಎನ್ನುತ್ತಾರೆ. ಪರಿಣತರಿಗೂ ಇದು ಸುಲಭವಲ್ಲ. ಇವಿಯೇಷನ್ ಕಂಪನಿಯ ಆಲಿಸ್ ವಿಮಾನದ ಮೊದಲ ಮಾದರಿ 2020ರ ಜನವರಿಯಲ್ಲಿ ನೆಲದ ಮೇಲಿನ ಪರೀಕ್ಷೆಯ ಹೊತ್ತಿನಲ್ಲೇ ಬೆಂಕಿಗೆ ಸಿಕ್ಕಿತು. ನೀವು ಆ ಪ್ಯಾಕನ್ನು ಬೆನ್ನಿಗೆ ಕಟ್ಟಿಕೊಳ್ಳಲು ಹೊರಟಿದ್ದೀರಿ.

ಹತ್ತು ಪಟ್ಟು ಶಕ್ತಿಯ ಗ್ರಾಫೀನ್ ಬ್ಯಾಟರಿ ಬಂದಿದೆಯಂತೆ, ಹೂಡಿಕೆ ಮಾಡಬಹುದೇ?

ತಕ್ಕಡಿ ಮೇಲಿಟ್ಟು ತೋರಿಸಲು ಹೇಳಿ. ಫೋನ್ ಎತ್ತುವುದನ್ನೇ ಬಿಡುತ್ತಾರೆ.

ನೂರು ಜನರ ಬ್ಯಾಟರಿ ವಿಮಾನ ಯಾವಾಗ ಬರುತ್ತದೆ?

ಈಗಿನ ಸೆಲ್ಲುಗಳಲ್ಲಿ ಬರುವುದಿಲ್ಲ. ಆಲಿಸ್ ಒಂಬತ್ತು ಪ್ರಯಾಣಿಕರಿಗೆಂದು ಮಾಡಿದ ವಿಮಾನ. 2022ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಹಾರಿತು, ಎಂಟು ನಿಮಿಷ. ಸ್ವೀಡನ್ ಮೂಲದ ಹಾರ್ಟ್ ಏರೋಸ್ಪೇಸ್ 19 ಸೀಟಿನ ಪೂರ್ತಿ ಬ್ಯಾಟರಿ ವಿಮಾನದ ಯೋಜನೆ ಬಿಟ್ಟು, ಅದೇ ವರ್ಷ 30 ಸೀಟಿನ ಹೈಬ್ರಿಡ್ ಕಡೆ ಹೊರಳಿತು. ನಾಸಾದ ಎಕ್ಸ್-57 ಬ್ಯಾಟರಿ ವಿಮಾನದ ಯೋಜನೆ 2023ರಲ್ಲಿ ಒಮ್ಮೆಯೂ ಹಾರದೆ ಮುಗಿಯಿತು. ಪತ್ರಿಕಾ ಹೇಳಿಕೆ ಎಷ್ಟು ಉದ್ದ ಎಂದು ನೋಡಬೇಡಿ, ಗಾಳಿಯಲ್ಲಿ ಎಷ್ಟು ನಿಮಿಷ ಇತ್ತು ಎಂದು ನೋಡಿ.

ಮಗಳು ಪೈಲಟ್ ಆಗಬೇಕು ಎನ್ನುತ್ತಾಳೆ. ಎಲೆಕ್ಟ್ರಿಕ್ ವಿಮಾನದಲ್ಲೇ ಕಲಿಕೆ ಶುರು ಮಾಡಿಸಬಹುದೇ?

ಮಾಡಿಸಿ, ಧಾರಾಳವಾಗಿ. ಸೇರಿಸುವ ಮುಂಚೆ ಶಾಲೆಯವರನ್ನು ಕೇಳಿ: ಬ್ಯಾಟರಿಯ ಆರೋಗ್ಯ ಈಗ ಎಷ್ಟು ಪರ್ಸೆಂಟ್? ಎಷ್ಟು ಚಾರ್ಜ್ ಇಳಿದರೆ ಹಾರಾಟ ನಿಲ್ಲಿಸುತ್ತೀರಿ? ಒಂದು ಪಾಠ ಮುಗಿದು ಇನ್ನೊಂದು ಶುರುವಾಗಲು ಎಷ್ಟು ಹೊತ್ತು ಕಾಯಬೇಕು? ಎರಡನೆಯ ಪ್ರಶ್ನೆಗೆ ‘ಪೈಲಟ್ ನೋಡಿಕೊಳ್ಳುತ್ತಾರೆ’ ಎಂಬ ಉತ್ತರ ಬಂದರೆ ಬೇರೆ ಶಾಲೆ ಹುಡುಕಿ. ದೂರದ ಊರಿಗೆ ಹಾರಿ ಬರುವ ಪಾಠಗಳಿಗೆ ಪೆಟ್ರೋಲ್ ವಿಮಾನವೇ ಬೇಕಾಗುತ್ತದೆ. ಅದರ ಶುಲ್ಕ ಸೇರಿದೆಯೇ ಎಂದು ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ.